ಜನವರಿಯ ಸ್ಕೋರ್ ನೋಡಿ ಗಾಲ್ಫ್ ಆಟಗಾರನನ್ನು ಅಳೆಯಬಹುದಾ?

ಏಳನೇ ಐರನ್ (2026 ಜನವರಿ 12, ಸೋಮವಾರ ರಾತ್ರಿ 9.40)

ಈ ಗುರುವಾರ ಹವಾಯಿಯಲ್ಲಿ ಸೋನಿ ಓಪನ್ ಶುರುವಾಗುತ್ತದೆ. ಅಮೆರಿಕದ ವೃತ್ತಿಪರ ಆಟಗಾರರ ಪಂದ್ಯಸರಣಿಯಾದ ಪಿಜಿಎ ಟೂರ್‌ನ 2026ರ ಮೊದಲ ಪಂದ್ಯ ಅದೇ. ಮಾಮೂಲಿಯಾಗಿ ಅದಕ್ಕೂ ಮೊದಲು ಮಾವಿ ದ್ವೀಪದ ಕಪಲುವಾದಲ್ಲಿ ಸೆಂಟ್ರಿ ಪಂದ್ಯ ಇರುತ್ತಿತ್ತು. ಈ ಸಲ ನೀರಿನ ತೊಂದರೆಯಿಂದ ಅಲ್ಲಿನ ಹುಲ್ಲು ಒಣಗಿತು, ಪಂದ್ಯವೇ ರದ್ದಾಯಿತು. ಹಾಗಾಗಿ ದೊಡ್ಡ ಆಟಗಾರರಿಗೆಲ್ಲ ಅಭ್ಯಾಸಕ್ಕೆ ಇನ್ನಷ್ಟು ದಿನ ಸಿಕ್ಕಿದೆ.

ನಾನು ಹೇಳಬೇಕು ಅಂತಿರುವುದು ಇಷ್ಟೇ. ಜನವರಿ, ಫೆಬ್ರವರಿಯ ಸ್ಕೋರ್ ಹಿಡಿದುಕೊಂಡು "ಇವನ ಕಥೆ ಮುಗೀತು" ಅಂತಲೋ "ಈ ವರ್ಷ ಇವನದೇ" ಅಂತಲೋ ತೀರ್ಪು ಕೊಡುವುದನ್ನು ನಾವು ಬಿಡಬೇಕು. ಆ ಎರಡು ತಿಂಗಳಲ್ಲಿ ಆಟಗಾರ ಏನನ್ನು ಅಭ್ಯಾಸ ಮಾಡುತ್ತಿದ್ದಾನೆ ಅನ್ನುವುದನ್ನು ನೋಡಬೇಕು.

ಸ್ಕಾಟಿ ಷೆಫ್ಲರ್‌ನನ್ನೇ ತೆಗೆದುಕೊಳ್ಳಿ. 2024ರ ಕ್ರಿಸ್‌ಮಸ್ ದಿನ ಅಡುಗೆ ಮಾಡುವಾಗ ಒಡೆದ ಗಾಜು ಚುಚ್ಚಿ ಬಲಗೈಗೆ ಗಾಯವಾಯಿತು. ಆಪರೇಷನ್ ಆಯಿತು. ಸೆಂಟ್ರಿ ತಪ್ಪಿತು. ಜನವರಿ ಕೊನೆಗೆ ಪೆಬಲ್ ಬೀಚ್‌ಗೆ ವಾಪಸ್ ಬಂದ. ಫೆಬ್ರವರಿ ಹೋಯಿತು, ಮಾರ್ಚ್ ಹೋಯಿತು, ಏಪ್ರಿಲ್ ಹೋಯಿತು, ಒಂದು ಗೆಲುವೂ ಇಲ್ಲ. ನಮ್ಮ ವಾಟ್ಸಾಪ್ ಗುಂಪಿನಲ್ಲೇ ಎಷ್ಟು ಜನ ಕೈಬಿಟ್ಟಿದ್ದರು ಅಂತ ನನಗೆ ನೆನಪಿದೆ. ಮೇ ತಿಂಗಳಲ್ಲಿ ಬೈರನ್ ನೆಲ್ಸನ್ ಪಂದ್ಯ ಗೆದ್ದ. ವರ್ಷ ಮುಗಿಯುವಷ್ಟರಲ್ಲಿ ಆರು ಗೆಲುವು. ಅದರಲ್ಲಿ ಪಿಜಿಎ ಚಾಂಪಿಯನ್‌ಷಿಪ್, ಬ್ರಿಟಿಷ್ ಓಪನ್ ಎರಡೂ ಸೇರಿವೆ.

ಅವನ ಅಭ್ಯಾಸ ಹೇಗೆ ಶುರುವಾಗುತ್ತದೆ ಗೊತ್ತಾ? ಕೈಗೆ ಮೊದಲು ಬರುವುದು ಏಳನೇ ಐರನ್ ಅನ್ನುವ ಒಂದು ಕ್ಲಬ್, ಅಂದರೆ ಚೆಂಡು ಹೊಡೆಯುವ ಕೋಲು. ಅದರ ಹಿಡಿಕೆಗೆ ಅಚ್ಚು ಹಾಕಿದ ರಬ್ಬರ್ ಇದೆ. ಯಾವ ಬೆರಳು ಎಲ್ಲಿ ಕೂರಬೇಕೋ ಅಲ್ಲೇ ಕೂರುತ್ತದೆ, ಬೇರೆ ಕಡೆ ಕೂರಲು ಬಿಡುವುದಿಲ್ಲ. ವಿಶ್ವದ ನಂಬರ್ ಒನ್ ಆಟಗಾರ ದಿನಾ ಅದರಲ್ಲಿ ಒಂದಷ್ಟು ಏಟು ಹೊಡೆದ ಮೇಲೇ ಬೇರೆ ಕ್ಲಬ್ ಮುಟ್ಟುವುದು. ಮಗು ಸ್ಲೇಟಿನ ಮೇಲೆ ಅ ಆ ತಿದ್ದುತ್ತದಲ್ಲ, ಹಾಗೆ. ಗಾಯ ವಾಸಿಯಾಗಿ ಬಂದಾಗಲೂ ಅದೇ ಏಳನೇ ಐರನ್. ಆ ತಿಂಗಳುಗಳಲ್ಲಿ ಬರೀ ಸ್ಕೋರ್ ಬೋರ್ಡ್ ನೋಡಿದವರಿಗೆ ಇದೆಲ್ಲ ಎಲ್ಲಿ ಕಾಣಬೇಕು?

ಸ್ಕೋರ್ ಕಾರ್ಡ್ (ಸೋಮವಾರ ರಾತ್ರಿ 10.15)

ನಾನು ಒಪ್ಪಲ್ಲ ಗುರು. ಜನವರಿಯನ್ನು ಅಭ್ಯಾಸದ ತಿಂಗಳು ಅನ್ನುವುದೇ ತಪ್ಪು.

ಹೋದ ವರ್ಷ ಕಪಲುವಾದಲ್ಲಿ ಹಿಡೆಕಿ ಮತ್ಸುಯಾಮಾ ನಾಲ್ಕು ದಿನಕ್ಕೆ ಪಾರ್‌ಗಿಂತ (ಮೈದಾನಕ್ಕೆ ಗೊತ್ತುಮಾಡಿದ ಏಟಿನ ಲೆಕ್ಕ, ಏಟು ಕಡಿಮೆಯಾದಷ್ಟೂ ಒಳ್ಳೆಯದು) 35 ಕಡಿಮೆ ಹೊಡೆದು ಗೆದ್ದ. ಪಿಜಿಎ ಟೂರ್ ಇತಿಹಾಸದಲ್ಲೇ ಅಷ್ಟು ಕೆಳಗೆ ಯಾರೂ ಹೋಗಿರಲಿಲ್ಲ. ಬಹುಮಾನ 36 ಲಕ್ಷ ಡಾಲರ್. ಗೆದ್ದವನಿಗೆ ವರ್ಷದ ಪಟ್ಟಿಯಲ್ಲಿ 700 ಪಾಯಿಂಟ್. ಮಾಸ್ಟರ್ಸ್ ಗೆದ್ದರೆ ಎಷ್ಟು? 750. ಬರೀ 50 ವ್ಯತ್ಯಾಸ. ಅಭ್ಯಾಸ ಪಂದ್ಯಕ್ಕೆ ಯಾರಾದರೂ ಇಷ್ಟು ಕೊಡುತ್ತಾರಾ?

ಇನ್ನೊಂದು ಮಾತು. ನೀವು ಷೆಫ್ಲರ್ ಕಥೆ ಹೇಳಿದಿರಿ, ನಾನು ರೋರಿ ಮೆಕಿಲ್‌ರಾಯ್ ಕಥೆ ಹೇಳುತ್ತೇನೆ. ಅದೇ 2025. ಅಮೆರಿಕದಲ್ಲಿ ಆ ವರ್ಷ ಅವನು ಆಡಿದ ಮೊದಲ ಪಂದ್ಯ ಪೆಬಲ್ ಬೀಚ್, ಗೆದ್ದ. ಮಾರ್ಚ್‌ನಲ್ಲಿ ಪ್ಲೇಯರ್ಸ್ ಅನ್ನುವ ಪಂದ್ಯ ಗೆದ್ದ. ಏಪ್ರಿಲ್‌ನಲ್ಲಿ ಮಾಸ್ಟರ್ಸ್ ಗೆದ್ದು ನಾಲ್ಕೂ ಮೇಜರ್ (ಗಾಲ್ಫ್‌ನ ನಾಲ್ಕು ಅತಿ ದೊಡ್ಡ ಪಂದ್ಯ) ಗೆದ್ದವರ ಸಾಲಿಗೆ ಸೇರಿದ. ಫೆಬ್ರವರಿಯ ಬೋರ್ಡ್ ನೋಡಿದ್ದವನಿಗೆ ಏಪ್ರಿಲ್ ಆಗಲೇ ಕಂಡಿತ್ತು.

ಷೆಫ್ಲರ್, ರೋರಿ ಬಿಡಿ, ಅವರಿಗೆ ಹೇಗಾದರೂ ನಡೆಯುತ್ತದೆ. ಪಾಯಿಂಟ್ ಪಟ್ಟಿಯ 90ನೇ ಸ್ಥಾನದಲ್ಲೋ 110ನೇ ಸ್ಥಾನದಲ್ಲೋ ಇರುವವನನ್ನು ನೆನೆಸಿಕೊಳ್ಳಿ. ಮುಂಚೆ ಮೊದಲ 125 ಜನಕ್ಕೆ ಕಾರ್ಡ್ ಉಳಿಯುತ್ತಿತ್ತು. ಈಗ ಅದು 100ಕ್ಕೆ ಇಳಿದಿದೆ. ಅವನಿಗೆ ಸೋನಿ ಓಪನ್‌ನ ಒಂದೊಂದು ಪಟ್ (ಚೆಂಡನ್ನು ಕುಳಿಗೆ ಉರುಳಿಸುವ ಏಟು) ಕೂಡ ಹೊಟ್ಟೆಪಾಡು. "ಏಪ್ರಿಲ್ ತನಕ ಕಾಯಿರಿ" ಅಂತ ಅವನಿಗೆ ಹೇಳಿ ನೋಡಿ.

ಹೊಸಬ (ಸೋಮವಾರ ರಾತ್ರಿ 10.32)

ಸರ್, ತಪ್ಪು ತಿಳಿಯಬೇಡಿ. ಕಾರ್ಡ್ ಉಳಿಯೋದು ಅಂದರೆ ಏನು? ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಮ್ಮ ಅದಿತಿ ಅಶೋಕ್ ಆಡಿದ್ದನ್ನು ಟಿವಿಯಲ್ಲಿ ನೋಡಿದ ಮೇಲೆ ಗಾಲ್ಫ್ ನೋಡಲು ಶುರು ಮಾಡಿದವನು ನಾನು. ನಿಯಮ ಅಷ್ಟು ಗೊತ್ತಿಲ್ಲ.

ಸ್ಕೋರ್ ಕಾರ್ಡ್ (ಸೋಮವಾರ ರಾತ್ರಿ 10.40)

ಇದರಲ್ಲಿ ತಪ್ಪೇನು ಬಂತು, ಕೇಳಿ. ಕಾರ್ಡ್ ಅಂದರೆ ಮುಂದಿನ ವರ್ಷ ಟೂರ್‌ನಲ್ಲಿ ಆಡುವ ಹಕ್ಕು. ವರ್ಷವಿಡೀ ಗಳಿಸಿದ ಪಾಯಿಂಟ್ ಲೆಕ್ಕ ಹಾಕುತ್ತಾರೆ. ಮೊದಲ 100ರಲ್ಲಿ ಇದ್ದರೆ ಪೂರ್ತಿ ಹಕ್ಕು. ಇಲ್ಲದಿದ್ದರೆ ಜಾಗ ಖಾಲಿ ಇರುವ ಪಂದ್ಯಕ್ಕೆ ಕಾಯಬೇಕು, ಅಥವಾ ಕೆಳಗಿನ ಟೂರ್‌ಗೆ ಹೋಗಬೇಕು. ಹಾಗೇ "ಕಟ್" ಅನ್ನುವ ಮಾತೂ ಇಲ್ಲಿ ಬರುತ್ತಿರುತ್ತದೆ. ಸಾಮಾನ್ಯವಾಗಿ ಎರಡು ದಿನ ಆದ ಮೇಲೆ ಸುಮಾರು ಅರ್ಧ ಜನರನ್ನು ಮನೆಗೆ ಕಳಿಸುತ್ತಾರೆ. ಅವರಿಗೆ ದುಡ್ಡೂ ಇಲ್ಲ, ಪಾಯಿಂಟೂ ಇಲ್ಲ. ವಿಮಾನ, ಹೋಟೆಲ್, ಚೀಲ ಹೊರುವ ಕ್ಯಾಡಿಯ ಖರ್ಚೆಲ್ಲ ಕೈಯಿಂದಲೇ.

ಟೊರಿ ಪೈನ್ಸ್ ಕನ್ನಡಿಗ (ಮಂಗಳವಾರ ಬೆಳಿಗ್ಗೆ 6.05)

ನಾನು ಹಾಸನದವನು. ಸ್ಯಾನ್ ಡಿಯಾಗೊಗೆ ಬಂದು 11 ವರ್ಷ ಆಯಿತು. ಪ್ರತಿ ವರ್ಷ ಫಾರ್ಮರ್ಸ್ ಪಂದ್ಯದ ವಾರ ಒಂದು ದಿನ ರಜೆ ಹಾಕಿ ಅದು ನಡೆಯುವ ಟೊರಿ ಪೈನ್ಸ್ ಮೈದಾನಕ್ಕೆ ಹೋಗುತ್ತೇನೆ. ಪಂದ್ಯದ ದಿನ ಹೋಗುವುದಿಲ್ಲ, ಅದಕ್ಕೂ ಮುಂಚಿನ ಅಭ್ಯಾಸದ ದಿನ ಹೋಗುತ್ತೇನೆ. ಜನ ಕಡಿಮೆ, ಹಗ್ಗದ ಪಕ್ಕಕ್ಕೇ ನಿಲ್ಲಬಹುದು.

ಹೋದ ವರ್ಷ ನೋಡಿದ್ದು ಹೇಳುತ್ತೇನೆ. ಬೆಳಿಗ್ಗೆ ಎಂಟೂವರೆ. ಸಮುದ್ರದ ಕಡೆಯ ಮಂಜು ಇನ್ನೂ ಸರಿದಿರಲಿಲ್ಲ. ಪಟಿಂಗ್ ಗ್ರೀನ್ (ಪಟ್ ಅಭ್ಯಾಸಕ್ಕೆ ನುಣ್ಣಗೆ ಕತ್ತರಿಸಿದ ಹುಲ್ಲು) ಮೇಲೆ ಒಬ್ಬ ಆಟಗಾರ ಕುಳಿಯಿಂದ ನಾಲ್ಕು ಅಡಿ ದೂರದಲ್ಲಿ ನಿಂತಿದ್ದ. ದೊಡ್ಡ ಹೆಸರಿನವನಲ್ಲ. ಚೆಂಡಿನ ಎರಡೂ ಪಕ್ಕಕ್ಕೆ ಒಂದೊಂದು ಟೀ (ಚೆಂಡು ಕೂರಿಸುವ ಸಣ್ಣ ಗೂಟ) ಚುಚ್ಚಿದ್ದ. ಮಧ್ಯೆ ಪಟರ್‌ನ (ಪಟ್ ಹೊಡೆಯುವ ಕ್ಲಬ್) ತಲೆ ತೂರುವಷ್ಟೇ ಜಾಗ. ಪಟರ್ ಒಂಚೂರು ಓರೆಯಾದರೂ ಟೀಗೆ ತಾಗಿ "ಟಕ್" ಅನ್ನುತ್ತದೆ. ಅವನು ಬಾಯಲ್ಲೇ ಎಣಿಸುತ್ತಿದ್ದ. 23ಕ್ಕೆ "ಟಕ್" ಅಂತು. ಚೆಂಡು ಕುಳಿಗೇ ಬಿತ್ತು, ಆದರೂ ಬಿಡಲಿಲ್ಲ, ಮತ್ತೆ ಒಂದರಿಂದ ಶುರು ಮಾಡಿದ. ಮುಂದಿನ ಸಲ 31ಕ್ಕೆ ತಾಗಿತು. ಮತ್ತೆ ಒಂದು. ಕ್ಯಾಡಿ ಏನೂ ಮಾತಾಡದೆ ಚೆಂಡು ಎತ್ತಿ ಎತ್ತಿ ಕೊಡುತ್ತಿದ್ದ. ನಾನು ಅಲ್ಲಿಂದ ಹೊರಡುವಾಗಲೂ ಅವನು ಅದೇ ನಾಲ್ಕು ಅಡಿಯಲ್ಲೇ ನಿಂತಿದ್ದ.

ಇನ್ನು ಸ್ಕೋರ್ ಕಾರ್ಡ್ ಅವರ ಮಾತು. ಬೋರ್ಡ್ ಸುಳ್ಳು ಹೇಳಲ್ಲ, ನಿಜ. ಆದರೆ ಪೂರ್ತಿ ಕಥೆಯನ್ನೂ ಹೇಳಲ್ಲ. ಹೋದ ವರ್ಷ ಫಾರ್ಮರ್ಸ್‌ನ ಮೊದಲ ದಿನ ಲುಡ್ವಿಗ್ ಓಬರ್ಗ್ 63 ಹೊಡೆದು ಎಲ್ಲರಿಗಿಂತ ಮುಂದಿದ್ದ. ಆಮೇಲೆ ಹುಷಾರು ತಪ್ಪಿ ಎಲ್ಲೋ ಕೆಳಗೆ ಜಾರಿದ. ಲಾಸ್ ಏಂಜಲೀಸ್‌ನ ಕಾಡ್ಗಿಚ್ಚಿನಿಂದಾಗಿ ಜೆನೆಸಿಸ್ ಪಂದ್ಯವನ್ನೂ ಅದೇ ಟೊರಿ ಪೈನ್ಸ್‌ಗೆ ತಂದರಲ್ಲ, ಆ ಫೆಬ್ರವರಿ ಪಂದ್ಯವನ್ನು ಗೆದ್ದವನು ಅದೇ ಓಬರ್ಗ್. ಮೂರು ವಾರದ ಅಂತರ, ಅದೇ ಮೈದಾನ, ಅದೇ ಸ್ವಿಂಗ್. ಜನವರಿಯ ಬೋರ್ಡ್‌ನಲ್ಲಿ ಅವನಿಗೆ ಜ್ವರ ಇತ್ತು, ವಾಂತಿ ಇತ್ತು ಅಂತ ಬರೆದಿರುತ್ತದಾ?

ಹುಲ್ಲಿನ ವಿಷಯ ಯಾರೂ ಎತ್ತಲಿಲ್ಲ, ಅದೇ ನನಗೆ ಆಶ್ಚರ್ಯ. ಹವಾಯಿಯಲ್ಲಿ ಬರ್ಮುಡಾ ಹುಲ್ಲು. ಅದು ಒಂದು ಕಡೆಗೆ ಮಲಗಿ ಬೆಳೆಯುತ್ತದೆ. ನೀವು ನಿಂತ ಕಡೆಯಿಂದ ಹುಲ್ಲು ಹೊಳೆದರೆ ಅದು ನಿಮ್ಮಿಂದ ಆಚೆಗೆ ಮಲಗಿದೆ ಅಂತ, ಚೆಂಡು ಜೋರಾಗಿ ಓಡುತ್ತದೆ. ಮಂಕಾಗಿ, ದಟ್ಟ ಹಸಿರಾಗಿ ಕಂಡರೆ ನಿಮ್ಮ ಕಡೆಗೆ ಮಲಗಿದೆ, ಚೆಂಡು ತಡೆಯುತ್ತದೆ. ಕ್ಯಾಲಿಫೋರ್ನಿಯಾ ಕರಾವಳಿಗೆ ಬಂದರೆ ಪೋವಾ ಹುಲ್ಲು. ಬೆಳಿಗ್ಗೆ ನುಣ್ಣಗಿರುತ್ತದೆ. ಮಧ್ಯಾಹ್ನದ ಹೊತ್ತಿಗೆ ಸಣ್ಣ ಸಣ್ಣ ತೆನೆ ಎದ್ದು ಮೇಲ್ಮೈ ಒರಟಾಗುತ್ತದೆ, ಮೂರು ಅಡಿಯ ಪಟ್ ಕೂಡ ಕುಪ್ಪಳಿಸಿಕೊಂಡು ಹೋಗುತ್ತದೆ. ಮಾರ್ಚ್‌ಗೆ ಫ್ಲೋರಿಡಾ, ಮತ್ತೆ ಬರ್ಮುಡಾ. ಏಪ್ರಿಲ್‌ಗೆ ಅಗಸ್ಟಾ, ಅಲ್ಲಿ ಬೆಂಟ್ ಹುಲ್ಲು, ಗಾಜಿನ ಮೇಲೆ ಹೊಡೆದ ಹಾಗೆ. ಮೂರು ತಿಂಗಳಲ್ಲಿ ಕೈ ಮೂರು ಸಲ ಹೊಸದಾಗಿ ಕಲಿಯಬೇಕು. ಒಂದು ಕಡೆಯ ಸ್ಕೋರ್ ತಂದು ಇನ್ನೊಂದು ಕಡೆ ಅಳೆದರೆ ಲೆಕ್ಕ ಕೂಡುತ್ತದಾ?

ಹಳೇ ಪಟರ್ (ಮಂಗಳವಾರ ಬೆಳಿಗ್ಗೆ 7.20)

ಒಳ್ಳೆಯ ಮಾತುಕತೆ. ನನಗೆ 60 ದಾಟಿದೆ, ಈ ಆಟದ ಹಿಂದೆ ಬಿದ್ದು 40 ವರ್ಷ ಆಯಿತು. ಎರಡೂ ಕಡೆಯವರು ಒಂದನ್ನು ಮರೆತಿದ್ದೀರಿ. ಅಭ್ಯಾಸ ಎಲ್ಲರಿಗೂ ಒಂದೇ ಅಳತೆಯ ಅಂಗಿ ಅಂದುಕೊಂಡಿದ್ದೀರಿ.

ಬ್ರೂಸ್ ಲಿಟ್ಸ್ಕಿ ಅಂತ ಒಬ್ಬ ಅಮೆರಿಕದ ಆಟಗಾರ ಇದ್ದ. 2018ರಲ್ಲಿ ತೀರಿಕೊಂಡ. ಟೂರ್‌ನಲ್ಲಿ 13 ಗೆಲುವು. ಅಭ್ಯಾಸ ಮಾಡದೇ ಇರುವುದಕ್ಕೇ ಅವನ ಹೆಸರು. ವರ್ಷದ ಕೊನೆಯ ಪಂದ್ಯ ಮುಗಿದ ಮೇಲೆ ಮನೆಗೆ ಹೋಗಿ ಮಕ್ಕಳ ಜೊತೆ ಇರುತ್ತಿದ್ದ, ಮೀನು ಹಿಡಿಯುತ್ತಿದ್ದ. ಅವನ ಕ್ಯಾಡಿಗೆ ನಂಬಿಕೆ ಬರಲಿಲ್ಲ. ಒಂದು ವರ್ಷ ಕೊನೆಯ ಪಂದ್ಯ ಆದ ಮೇಲೆ ದೂರಕ್ಕೆ ಹೊಡೆಯುವ ಡ್ರೈವರ್ ಕ್ಲಬ್‌ನ ತಲೆಗೆ ಹಾಕುವ ಟೋಪಿಯೊಳಗೆ ಒಂದು ಬಾಳೆಹಣ್ಣು ಸೇರಿಸಿಟ್ಟ. ಚೀಲ ಬಿಚ್ಚಿದರೆ ಸಿಗಲಿ ಅಂತ. ಹೊಸ ವರ್ಷದ ಮೊದಲ ಪಂದ್ಯಕ್ಕೆ ಚೀಲ ತೆಗೆದರೆ ಬಾಳೆಹಣ್ಣು ಅಲ್ಲೇ ಇದೆ, ಕೊಳೆತು ಕಪ್ಪಾಗಿದೆ! ಇನ್ನೂ ಒಂದು ಮಾತು ಕೇಳಿ. 1977ರಲ್ಲಿ ಅವನು ಗೆದ್ದ ಎರಡು ಪಂದ್ಯ ಯಾವಾಗಿನವು? ಜನವರಿಯಲ್ಲಿ ಟೂಸಾನ್, ಫೆಬ್ರವರಿಯಲ್ಲಿ ಹವಾಯಿ. ವರ್ಷದ ಶುರುವಿನಲ್ಲೇ.

ಯಾಕೆ ಹೀಗೆ? ಅವನ ಹತ್ತಿರ ಇದ್ದದ್ದು ಒಂದೇ ಏಟು. ಎಡದಿಂದ ಬಲಕ್ಕೆ ಬಾಗುವ ಏಟು, ಕಣ್ಣು ಮುಚ್ಚಿ ಹೊಡೆದರೂ ಅದೇ ಬರುತ್ತಿತ್ತು. ಜಾಸ್ತಿ ಕೆದಕಿದರೆ ಅದು ಕೆಟ್ಟೀತು ಅನ್ನುವ ಎಚ್ಚರ ಅವನಿಗಿತ್ತು.

ಇದಕ್ಕೆ ಪೂರ್ತಿ ಉಲ್ಟಾ ನಮ್ಮ ವಿಜಯ್ ಸಿಂಗ್. ಫಿಜಿಯ ಭಾರತೀಯ ಮೂಲದವನು. ಚೆಂಡು ಹೊಡೆದು ಅಭ್ಯಾಸ ಮಾಡುವ ರೇಂಜಿಗೆ ಬೆಳಿಗ್ಗೆ ಬಂದರೆ ಕತ್ತಲಾಗುವ ತನಕ ಅಲ್ಲೇ. 2004ರಲ್ಲಿ ಒಂದೇ ವರ್ಷ ಒಂಬತ್ತು ಗೆಲುವು, ಟೈಗರ್ ವುಡ್ಸ್‌ನನ್ನು ಕೆಳಗಿಳಿಸಿ ನಂಬರ್ ಒನ್ ಆದ. 40 ವಯಸ್ಸು ದಾಟಿದ ಮೇಲೆ ಟೂರ್‌ನಲ್ಲಿ 22 ಗೆದ್ದ. ಅವನಿಗೆ ಸಾವಿರ ಏಟು ಹೊಡೆದರೇ ಕೈ ಮಾತು ಕೇಳುತ್ತಿತ್ತು.

ಇಬ್ಬರೂ ದೊಡ್ಡವರೇ. ಇವರಲ್ಲಿ ಯಾರ ಜನವರಿ ಸರಿ ಅಂತ ಹೇಳುತ್ತೀರಿ?

ಕುಕ್ಕರಹಳ್ಳಿ (ಮಂಗಳವಾರ ಬೆಳಿಗ್ಗೆ 9.50)

ಸರ್, ಲಿಟ್ಸ್ಕಿ ಕಥೆ ಓದಿ ಮನಸ್ಸಿಗೆ ಸಮಾಧಾನ ಆಯಿತು. ನನ್ನದೊಂದು ಅನುಭವ ಹೇಳಲೇಬೇಕು.

ನಾವು ಮೈಸೂರಿನವರು. ಮಗಳಿಗೆ 13 ವರ್ಷ, ಮೂರು ವರ್ಷದಿಂದ ಆಡುತ್ತಿದ್ದಾಳೆ. ಹೋದ ವರ್ಷ ಬೇರೆ ಊರಿನ ಒಂದು ಅಕಾಡೆಮಿಗೆ ಡಿಸೆಂಬರ್ ರಜೆಯಲ್ಲಿ ಹಾಕಿದ್ದೆವು. ಸೀಸನ್ ಶುರುವಾಗುವ ಮುಂಚೆ "ತಯಾರಿ" ಅಂತ ದಿನಕ್ಕೆ 300 ಚೆಂಡು ಹೊಡೆಸಿದರು. ಅದೂ ಸಿಮೆಂಟ್ ಮೇಲೆ ಹಾಸಿದ ತೆಳು ಮ್ಯಾಟ್ ಮೇಲೆ. ಡ್ರೈವರ್ ಜಾಸ್ತಿ, ಪಟ್ ಹತ್ತೇ ನಿಮಿಷ. ಎರಡನೇ ವಾರಕ್ಕೆ ಎಡ ಮಣಿಕಟ್ಟು ಊದಿಕೊಂಡಿತು. ಊಟಕ್ಕೆ ಕೂತಾಗ ಎಡಗೈಯಲ್ಲಿ ನೀರಿನ ಲೋಟ ಎತ್ತಲು ಹೋಗಿ ಕೈ ನಡುಗಿ ಕೆಳಗಿಟ್ಟಳು. ನನಗೆ ಆಗಲೇ ಗೊತ್ತಾಗಿದ್ದು. ಅಷ್ಟು ದಿನ ಬೈತಾರೆ ಅಂತ ಅವಳು ಹೇಳಿರಲಿಲ್ಲ. ಡಾಕ್ಟರ್ ಎರಡು ತಿಂಗಳು ಕ್ಲಬ್ ಮುಟ್ಟಬಾರದು ಅಂದರು. ಜನವರಿ, ಫೆಬ್ರವರಿ ಎರಡೂ ಹೋಯಿತು.

ಹಾಗಾಗಿ ಅಭ್ಯಾಸ ಜಾಸ್ತಿ ಮಾಡಿದಷ್ಟೂ ಒಳ್ಳೆಯದು ಅನ್ನುವವರನ್ನು ಕಂಡರೆ ನನಗೆ ಭಯ ಆಗುತ್ತದೆ. ಮಕ್ಕಳ ವಿಷಯದಲ್ಲಂತೂ ಎಷ್ಟು ಚೆಂಡು ಅಂತ ಕೇಳಬೇಡಿ. ಯಾವ ಏಟು, ಯಾಕೆ, ಎಷ್ಟು ಹೊತ್ತಿಗೊಮ್ಮೆ ವಿಶ್ರಾಂತಿ, ಅದನ್ನು ಕೇಳಿ.

ಅದಿತಿ ಹೆಸರು ಬಂತಲ್ಲ. ಟೋಕಿಯೊದಲ್ಲಿ ಅವಳ ಡ್ರೈವ್ (ಶುರುವಿನ ಉದ್ದ ಏಟು) ಪಕ್ಕದಲ್ಲಿ ಆಡುವವರಿಗಿಂತ ತುಂಬಾ ಹಿಂದೆ ಬೀಳುತ್ತಿತ್ತು. ಕೋವಿಡ್‌ನಿಂದ ಎದ್ದು ಹೆಚ್ಚು ದಿನ ಆಗಿರಲಿಲ್ಲ, ಶಕ್ತಿ ಕುಂದಿತ್ತು. ಬೇರೆಯವರು ಸಣ್ಣ ಐರನ್ ತೆಗೆದರೆ ಇವಳು ದೊಡ್ಡ ಕ್ಲಬ್ ತೆಗೆಯಬೇಕು. ಆದರೂ 67, 66, 68, 68. ಒಂದೇ ಒಂದು ಏಟಿನಲ್ಲಿ ಪದಕದ ಸ್ಪರ್ಧೆ ತಪ್ಪಿ ನಾಲ್ಕನೇ ಸ್ಥಾನ. ಎಲ್ಲಾ ಪಟರ್‌ನ ಕೆಲಸ. ಚೀಲ ಹೊತ್ತಿದ್ದು ಅವಳ ತಾಯಿ. ಅವತ್ತು ನಾನು ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡು ನೋಡಿದೆ. ಅಮ್ಮನೂ ಮಗಳೂ ಹುಲ್ಲಿನ ಮೇಲೆ ಬಗ್ಗಿ ಒಂದೇ ಗೆರೆಯನ್ನು ನೋಡುತ್ತಿದ್ದದ್ದು ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ.

ಸ್ಕೋರ್ ಕಾರ್ಡ್ (ಮಂಗಳವಾರ ಬೆಳಿಗ್ಗೆ 10.25)

ಮೇಡಂ, ಮಗಳ ಕೈ ಈಗ ಹೇಗಿದೆ? ಓದಿ ಬೇಜಾರಾಯಿತು.

ಆದರೆ ಅದಿತಿಯ ವಿಷಯ ಬಂದದ್ದಕ್ಕೆ ನನ್ನ ವಾದಕ್ಕೆ ಬಲ ಬಂತು. 2023ರ ಫೆಬ್ರವರಿಯಲ್ಲಿ ಕೀನ್ಯಾದಲ್ಲಿ ಲೇಡೀಸ್ ಯುರೋಪಿಯನ್ ಟೂರ್‌ನ ಆ ವರ್ಷದ ಮೊದಲ ಪಂದ್ಯ. ಅದಿತಿ ಗೆದ್ದಳು, ಅದೂ ಒಂಬತ್ತು ಏಟಿನ ಅಂತರದಲ್ಲಿ. ಏಪ್ರಿಲ್‌ನಲ್ಲಿ ಲಾಸ್ ಏಂಜಲೀಸ್‌ನಲ್ಲಿ ಎಲ್‌ಪಿಜಿಎ (ಅಮೆರಿಕದ ಮಹಿಳೆಯರ ಟೂರ್) ಪಂದ್ಯ, ಸ್ಕೋರ್ ಸಮವಾದಾಗ ಆಡಿಸುವ ಪ್ಲೇಆಫ್ ತನಕ ಹೋಗಿ ಕೂದಲೆಳೆಯಲ್ಲಿ ತಪ್ಪಿತು. ನವೆಂಬರ್‌ನಲ್ಲಿ ಸ್ಪೇನ್‌ನಲ್ಲಿ ಮತ್ತೆ ಗೆದ್ದಳು. ಫೆಬ್ರವರಿಯೇ ಆ ವರ್ಷ ಹೇಗಿರುತ್ತದೆ ಅಂತ ಹೇಳಿಬಿಟ್ಟಿತ್ತು. ಇದಕ್ಕೇನು ಹೇಳುತ್ತೀರಿ, ಏಳನೇ ಐರನ್?

ಕುಕ್ಕರಹಳ್ಳಿ (ಮಂಗಳವಾರ ಬೆಳಿಗ್ಗೆ 10.50)

ಕೈ ವಾಸಿಯಾಗಿದೆ, ಕೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್. ಈಗ ಮನೆಯ ಹತ್ತಿರವೇ ಆಡುತ್ತಾಳೆ, ವಾರಕ್ಕೆ ನಾಲ್ಕೇ ದಿನ.

ಆದರೆ ಅದೇ 2023ರಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್ ಕೂಡ ಇತ್ತು, ನೆನಪಿದೆಯಾ? ಅದಿತಿ ಮೂರನೇ ದಿನ 61 ಹೊಡೆದಳು. ಏಳು ಏಟು ಮುಂದಿದ್ದಳು. ಚಿನ್ನ ಕೈಗೆ ಬಂದ ಹಾಗೇ. ಕೊನೆಯ ದಿನ 77. ಬೆಳ್ಳಿ ಬಂತು. ಭಾರತದ ಹೆಣ್ಣುಮಗಳೊಬ್ಬಳಿಗೆ ಏಷ್ಯನ್ ಗೇಮ್ಸ್ ಗಾಲ್ಫ್‌ನಲ್ಲಿ ಬಂದ ಮೊದಲ ಪದಕ ಅದು, ಹೆಮ್ಮೆಯೇ. ನಾನು ಕೇಳುವುದು ಇಷ್ಟೇ. ಹಿಂದಿನ ದಿನದ ಬೋರ್ಡೇ ಮರುದಿನದ್ದನ್ನು ಹೇಳಲಿಲ್ಲ. ಫೆಬ್ರವರಿಯ ಬೋರ್ಡ್ ನವೆಂಬರ್‌ನದ್ದನ್ನು ಹೇಳಿತು ಅಂದರೆ ಹೇಗೆ ನಂಬುವುದು? ಆ ತಂಡದಲ್ಲಿ ನಮ್ಮ ಮೈಸೂರಿನ ಪ್ರಣವಿ ಅರಸ್ ಕೂಡ ಇದ್ದಳು. ಅದಕ್ಕೇ ಮನೆಯವರೆಲ್ಲ ಕೂತು ನೋಡಿದ್ದೆವು. ಮಗಳು ಅವತ್ತು ಅತ್ತುಬಿಟ್ಟಳು.

ಏಳನೇ ಐರನ್ (ಮಂಗಳವಾರ ಮಧ್ಯಾಹ್ನ 1.30)

ಊಟದ ಬಿಡುವಿನಲ್ಲಿ ಬರೆಯುತ್ತಿದ್ದೇನೆ.

ಸ್ಕೋರ್ ಕಾರ್ಡ್ ಅವರ ಒಂದು ಮಾತಿಗೆ ನಾನು ತಲೆಬಾಗುತ್ತೇನೆ. 100ನೇ ಸ್ಥಾನದ ಆಸುಪಾಸಿನಲ್ಲಿ ಇರುವವನಿಗೆ ಜನವರಿ ಅಭ್ಯಾಸದ ತಿಂಗಳಲ್ಲ. ನಾನು ಅವನನ್ನು ಮರೆತು ಬರೆದಿದ್ದೆ. ಟೊರಿ ಪೈನ್ಸ್ ಅಣ್ಣ ನೋಡಿದ ಆಟಗಾರನೂ ಅಂಥವನೇ ಇರಬೇಕು.

ಆದರೆ ರೋರಿಯ ಕಥೆಗೆ ಒಂದು ಹಿಂದಿನ ಭಾಗ ಇದೆ. 2024ರ ಜೂನ್‌ನಲ್ಲಿ ಪೈನ್‌ಹರ್ಸ್ಟ್‌ನಲ್ಲಿ ಅಮೆರಿಕನ್ ಓಪನ್. ಕೊನೆಯ ದಿನ 16ನೇ ಹೋಲ್‌ನಲ್ಲಿ ಎರಡೂವರೆ ಅಡಿಯ ಪಟ್ ತಪ್ಪಿತು. 18ನೇ ಹೋಲ್‌ನಲ್ಲಿ ನಾಲ್ಕು ಅಡಿಯೂ ಇರಲಿಲ್ಲ, ಅದೂ ತಪ್ಪಿತು. ಒಂದು ಏಟಿನಲ್ಲಿ ಬ್ರೈಸನ್ ಡಿಶಾಂಬೊ ಗೆದ್ದ. ಅದೇ ಶರತ್ಕಾಲದಲ್ಲಿ ರೋರಿ ಒಂದು ಸ್ಟುಡಿಯೊ ಒಳಗೆ ಸೇರಿಕೊಂಡು ಖಾಲಿ ಪರದೆಗೆ ಚೆಂಡು ಹೊಡೆದ. ಚೆಂಡು ಎಲ್ಲಿ ಹೋಯಿತು ಅಂತ ನೋಡುವ ಹಾಗೇ ಇಲ್ಲ. ಏಟು ಚೆನ್ನಾಗಿ ಬಂತಾ ಅನ್ನುವ ಆಸೆ ಬಿಟ್ಟು ಸ್ವಿಂಗ್ ಒಂದನ್ನೇ ಸರಿಮಾಡಿಕೊಳ್ಳಲು. ಫೆಬ್ರವರಿಯ ಪೆಬಲ್ ಬೀಚ್ ಗೆಲುವು ಬಂದದ್ದು ಆ ಖಾಲಿ ಪರದೆಯ ಮುಂದಿನಿಂದ. ಬೋರ್ಡ್ ನೋಡುವವರಿಗೆ ಅದು ಫೆಬ್ರವರಿಯಲ್ಲಿ ಗೊತ್ತಾಯಿತು. ಅಭ್ಯಾಸ ನೋಡುವವರಿಗೆ ನಾಲ್ಕು ತಿಂಗಳು ಮುಂಚೆಯೇ ಗೊತ್ತಿತ್ತು.

ಅಗಸ್ಟಾದಲ್ಲಿ ಏನಾಯಿತು ನೋಡಿದಿರಲ್ಲ. 18ನೇ ಹೋಲ್‌ನಲ್ಲಿ ಸುಮಾರು ಐದು ಅಡಿಯ ಪಟ್ ಹಾಕಿದ್ದರೆ ಅಲ್ಲೇ ಮುಗಿಯುತ್ತಿತ್ತು. ತಪ್ಪಿತು. ನನಗೆ ಪೈನ್‌ಹರ್ಸ್ಟ್ ನೆನಪಾಗಿ ಎದೆ ಧಸಕ್ ಅಂತು. ಜಸ್ಟಿನ್ ರೋಸ್ ಜೊತೆ ಪ್ಲೇಆಫ್, ಮತ್ತೆ ಅದೇ 18ನೇ ಹೋಲ್. ಎರಡನೇ ಏಟು ಕುಳಿಯ ಪಕ್ಕಕ್ಕೇ ತಂದು ನಿಲ್ಲಿಸಿದ. ಈ ಸಲ ಪಟ್ ಬಿತ್ತು. ಮಂಡಿಯೂರಿ ಕೂತು ಅತ್ತ. ನಮ್ಮ ಮನೆಯಲ್ಲಿ ಬೆಳಗಿನ ಜಾವ. ಎಲ್ಲರೂ ಮಲಗಿದ್ದಾರೆ ಅಂತ ನಾನು ದಿಂಬು ಕಚ್ಚಿಕೊಂಡು ಕೂತಿದ್ದೆ.

ಹಳೇ ಪಟರ್ ಸರ್, ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇದು. ಲಿಟ್ಸ್ಕಿಯೂ ಸರಿ, ಸಿಂಗ್ ಕೂಡ ಸರಿ. ಆದರೆ ಅವರಿಬ್ಬರಿಗೂ ತಮ್ಮ ಕೈಗೆ ಏನು ಬೇಕು ಅಂತ ಗೊತ್ತಿತ್ತು. 300 ಚೆಂಡು ಹೊಡೆಸಿದ ಆ ಕೋಚ್‌ಗೆ ಗೊತ್ತಿರಲಿಲ್ಲ.

ರೇಂಜ್ ಹುಡುಗ (ಮಂಗಳವಾರ ಸಂಜೆ 7.10)

ಎಲ್ಲರಿಗೂ ನಮಸ್ಕಾರ. ನಾನು ಇಷ್ಟು ದಿನ ಬರೀ ಓದುತ್ತಿದ್ದೆ. ನಾನು ಬೆಂಗಳೂರಿನಲ್ಲಿ ಒಂಬತ್ತು ವರ್ಷ ಕ್ಯಾಡಿ ಆಗಿದ್ದೆ. ಅದಕ್ಕೂ ಮುಂಚೆ ರೇಂಜಿನಲ್ಲಿ ಚೆಂಡು ಆರಿಸುತ್ತಿದ್ದೆ. ಈಗ ಬೇರೆ ಕೆಲಸ. ಟೂರ್ ಬಗ್ಗೆ ನಿಮ್ಮಷ್ಟು ಗೊತ್ತಿಲ್ಲ, ಜನವರಿ ಅಭ್ಯಾಸದ ಬಗ್ಗೆ ಒಂದು ಹೇಳುತ್ತೇನೆ.

ನಮ್ಮ ಕಡೆ ಜನವರಿಯಲ್ಲಿ ಬೆಳಿಗ್ಗೆ ಆರು, ಆರೂವರೆಗೆ ಗ್ರೀನ್ ಮೇಲೆ ಇಬ್ಬನಿ ಬಿಳಿ ಬಟ್ಟೆ ಹಾಸಿದ ಹಾಗೆ ಇರುತ್ತದೆ. ಆಗ ಒಂದು ಪಟ್ ಹೊಡೆದರೆ ಚೆಂಡು ಹೋದ ದಾರಿಯೆಲ್ಲ ಕಡು ಹಸಿರು ಗೆರೆಯಾಗಿ ಉಳಿಯುತ್ತದೆ. ಚೆಂಡು ಎಲ್ಲಿ ಬಾಗಿತು, ಎಷ್ಟು ಬಾಗಿತು, ಹೊಡೆದವನು ನೇರ ಹೊಡೆದನೋ ಓರೆ ಹೊಡೆದನೋ, ಎಲ್ಲಾ ಅಲ್ಲೇ ಬರೆದಿಟ್ಟ ಹಾಗೆ. ನನಗೆ ಗ್ರೀನ್ ಓದುವುದನ್ನು ಕಲಿಸಿದ ಹಿರಿಯ ಕ್ಯಾಡಿ ಹೀಗೇ ಕಲಿಸಿದ್ದು. "ಕುಳಿ ನೋಡಬೇಡ, ಗೆರೆ ನೋಡು" ಅನ್ನುತ್ತಿದ್ದರು. ಹತ್ತು ಅಡಿಯಿಂದ ಐದು ಚೆಂಡು ಹೊಡೆದರೆ ಐದು ಗೆರೆ. ಒಳ್ಳೆಯ ಆಟಗಾರನ ಐದು ಗೆರೆಯೂ ಮೊದಲ ಎರಡು ಅಡಿಯಲ್ಲಿ ಒಂದರ ಮೇಲೊಂದು ಕೂರುತ್ತವೆ. ನಮ್ಮಂಥವರದು ಬೀಸಣಿಗೆ ಬಿಚ್ಚಿದ ಹಾಗೆ.

ಒಬ್ಬ ಪ್ರೊ, ಅಂದರೆ ವೃತ್ತಿಪರ ಆಟಗಾರರು, ಇದ್ದರು, ಹೆಸರು ಬೇಡ. ಸೀಸನ್ ಶುರುವಾಗುವ ಮುಂಚೆ ಮೂರು ವಾರ ದಿನಾ ಆ ಹೊತ್ತಿಗೆ ಬರುತ್ತಿದ್ದರು. 20 ನಿಮಿಷ ಅಷ್ಟೇ. ಬಿಸಿಲು ಬಂದರೆ ಗೆರೆ ಇಲ್ಲ. ಆಮೇಲೆ ಟೀ ಕುಡಿದು ಮನೆಗೆ ಹೋಗುತ್ತಿದ್ದರು. ರೇಂಜಿನಲ್ಲಿ ಬಕೆಟ್ ಮೇಲೆ ಬಕೆಟ್ ಹೊಡೆಯುವವರು ಎಷ್ಟೋ ಜನ ಇದ್ದರು, ಅವರ ಚೆಂಡು ಆರಿಸಿದವನೇ ನಾನು. ಸಾಯಂಕಾಲ ನೋಡಿದರೆ 200 ಗಜದ ಬೋರ್ಡಿನ ಸುತ್ತ ಚೆಂಡು ಎಲ್ಲೆಂದರಲ್ಲಿ ಬಿದ್ದಿರುತ್ತಿತ್ತು. ಗುರಿ ಇಟ್ಟು ಹೊಡೆದಿದ್ದರೆ ಗುಡ್ಡೆಯಾಗಿ ಸಿಗಬೇಕಿತ್ತಲ್ಲ. ಯಾರದು ಅಭ್ಯಾಸ, ಯಾರದು ಬರೀ ಬೆವರು ಅನ್ನುವುದು ಆರಿಸುವವನಿಗೆ ಚೆನ್ನಾಗಿ ಗೊತ್ತಾಗುತ್ತದೆ.

ಟೊರಿ ಪೈನ್ಸ್ ಕನ್ನಡಿಗ (ಮಂಗಳವಾರ ರಾತ್ರಿ 8.30)

ಎಂಥಾ ವಿಷಯ ಹೇಳಿದಿರಿ! ಇಷ್ಟು ವರ್ಷ ಇಬ್ಬನಿ ಮೇಲೆ ಆಡಿದ್ದೇನೆ, ಗೆರೆ ನೋಡಿದ್ದೇನೆ, ಅದನ್ನು ಹೀಗೆ ಬಳಸಬಹುದು ಅಂತ ಹೊಳೆದಿರಲಿಲ್ಲ.

ಒಂದು ಅನುಮಾನ. ಒದ್ದೆ ಗ್ರೀನ್ ನಿಧಾನ. ಜೋರಾಗಿ ಹೊಡೆಯಬೇಕು, ಜೋರಾಗಿ ಹೊಡೆದರೆ ಚೆಂಡು ಕಡಿಮೆ ಬಾಗುತ್ತದೆ. ಹತ್ತು ಗಂಟೆಗೆ ಒಣಗಿದ ಮೇಲೆ ಅದೇ ಪಟ್ ಬೇರೆ ತರಹ ಬಾಗುತ್ತದಲ್ಲ? ಕೈಗೆ ತಪ್ಪು ಅಭ್ಯಾಸ ಆಗಲ್ವಾ?

ರೇಂಜ್ ಹುಡುಗ (ಮಂಗಳವಾರ ರಾತ್ರಿ 8.55)

ಸರಿಯಾಗಿ ಕೇಳಿದಿರಿ ಅಣ್ಣ. ವೇಗ ಕಲಿಯಲು ಇಬ್ಬನಿ ಹೊತ್ತು ಬೇಡವೇ ಬೇಡ. ಎಷ್ಟು ಬಾಗುತ್ತದೆ ಅನ್ನುವುದನ್ನೂ ಅವತ್ತಿಗೆ ಅಲ್ಲೇ ಬಿಡಬೇಕು. ಯಾವ ಕಡೆಗೆ ತಿರುಗುತ್ತದೆ, ಎಲ್ಲಿಂದ ತಿರುಗಲು ಶುರುವಾಗುತ್ತದೆ, ಮತ್ತೆ ಚೆಂಡು ಪಟರ್‌ನಿಂದ ನೇರ ಹೊರಟಿತಾ, ಇಷ್ಟು ನೋಡಬೇಕು. ವೇಗಕ್ಕೆ ಆ ಪ್ರೊ ಮಧ್ಯಾಹ್ನ ಮೂರರ ಮೇಲೆ ಬೇರೆಯಾಗಿ ಬರುತ್ತಿದ್ದರು, 30 ಅಡಿ ಪಟ್ ಮಾತ್ರ ಹೊಡೆಯುತ್ತಿದ್ದರು.

ಸ್ಕೋರ್ ಕಾರ್ಡ್ (ಮಂಗಳವಾರ ರಾತ್ರಿ 9.15)

ಆ ಪ್ರೊ ಆ ವರ್ಷ ಹೇಗೆ ಆಡಿದರು? ಇದನ್ನು ಕೇಳದೆ ಇರಲು ನನಗೆ ಆಗಲ್ಲ.

ರೇಂಜ್ ಹುಡುಗ (ಮಂಗಳವಾರ ರಾತ್ರಿ 9.20)

ಮೊದಲ ಎರಡು ಪಂದ್ಯ ಕಟ್ ಮಿಸ್ ಸರ್. ಮೂರನೆಯದರಲ್ಲಿ ಮೊದಲ ಹತ್ತರಲ್ಲಿ ಬಂದರು. ಆ ವರ್ಷ ಗೆಲ್ಲಲಿಲ್ಲ. ಆದರೆ ಕಾರ್ಡ್ ಉಳಿಯಿತು.

ಸ್ಕೋರ್ ಕಾರ್ಡ್ (ಮಂಗಳವಾರ ರಾತ್ರಿ 9.35)

ಹಾಗಾದರೆ ಇಬ್ಬರದೂ ಒಂದೊಂದು ಪಾಲು ಸರಿ. ನಾನು ಇನ್ನೂ ಹೇಳುತ್ತೇನೆ, ಆ ಎರಡು ಕಟ್ ಅವರ ನಿದ್ದೆ ಕೆಡಿಸಿರುತ್ತದೆ. ಸೋನಿ ಓಪನ್‌ನ ಶುಕ್ರವಾರದ ಆಟವನ್ನು ನಾನು ಕಟ್ ಗೆರೆ ಹಿಡಿದೇ ನೋಡುವುದು. ಮೇಲಿರುವವರನ್ನು ಟಿವಿ ತೋರಿಸುತ್ತದೆ, ಗೆರೆಯ ಆಸುಪಾಸಿನಲ್ಲಿ ಇರುವವರನ್ನು ನಾವೇ ಹುಡುಕಿ ನೋಡಬೇಕು.

ಹೊಸಬ (ಮಂಗಳವಾರ ರಾತ್ರಿ 9.50)

ನಾನೂ ನೋಡುತ್ತೇನೆ ಸರ್. ಇವತ್ತು ಕಟ್ ಅರ್ಥ ಆಯಿತು.

ಏಳನೇ ಐರನ್ (ಮಂಗಳವಾರ ರಾತ್ರಿ 10.05)

ರೇಂಜ್ ಹುಡುಗ ಅವರೇ, ನಾನು ವಾರಕ್ಕೆರಡು ದಿನ ಆಫೀಸಿಗೆ ಹೋಗುವ ಮುಂಚೆ ರೇಂಜಿಗೆ ಹೋಗಿ ಒಂದು ಬಕೆಟ್ ಹೊಡೆದು ಬರುವವನು. ಇವತ್ತು ನಿಮ್ಮದನ್ನು ಓದಿದ ಮೇಲೆ ನನ್ನ ಚೆಂಡುಗಳು ಎಲ್ಲಿ ಬಿದ್ದಿರುತ್ತವೆ ಅಂತ ಯೋಚನೆ ಹತ್ತಿದೆ. ಶನಿವಾರ ಬೆಳಿಗ್ಗೆ ಸ್ನೇಹಿತರೊಬ್ಬರ ಜೊತೆ ಕೋರ್ಸ್‌ಗೆ ಹೋಗುವುದಿದೆ. ಎಷ್ಟು ಹೊತ್ತಿಗೆ ಹೋದರೆ ಗೆರೆ ಸಿಗುತ್ತದೆ?

ರೇಂಜ್ ಹುಡುಗ (ಮಂಗಳವಾರ ರಾತ್ರಿ 10.12)

ಬೆಳಕು ಹರಿಯುವಷ್ಟರಲ್ಲಿ ಅಲ್ಲಿರಿ. ಮಾಲಿಗಳು ಉದ್ದ ಕೋಲು ತಂದು ಇಬ್ಬನಿ ಬಡಿಯುತ್ತಾರೆ, ಹಿಂದೆಯೇ ಹುಲ್ಲು ಕತ್ತರಿಸುವ ಮಷಿನ್ ಬರುತ್ತದೆ. ಅದಕ್ಕೂ ಮುಂಚೆ ಹೋಗಿ ಅವರನ್ನು ಒಂದು ಮಾತು ಕೇಳಿ. ಪಟಿಂಗ್ ಗ್ರೀನ್‌ನ ಒಂದು ಮೂಲೆ ಬಿಟ್ಟುಕೊಡುತ್ತಾರೆ. ಐದೇ ಚೆಂಡು ತೆಗೆದುಕೊಂಡು ಹೋಗಿ.